ಇಲ್ಲವೆಂದು ನಾನು ಹೇಳಿದ ಪುಟ

ಆ ಪುಟ ಇತ್ತು. ಇನ್ನೂರ ಹನ್ನೊಂದನೆಯ ಪುಟ, ಬಲಗಡೆಯದು. ನಾನು ಅದನ್ನು ಎರಡು ಸಲ ಓದಿದ್ದೆ. ಇಲ್ಲವೆಂದು ಎರಡು ಸಲ ಸುಳ್ಳು ಹೇಳಿದೆ. ಮೊದಲ ಸಲ ಆಸೆಯಿಂದ, ಎರಡನೆಯ ಸಲ ಹೆದರಿಕೆಯಿಂದ. ಎರಡನೆಯದೇ ದೊಡ್ಡ ತಪ್ಪು ಎಂದು ಈಗ ಅನಿಸುತ್ತದೆ — ಈಗ ಎಂದರೆ, ಹನ್ನೆರಡು ವರ್ಷ ಕಳೆದ ಮೇಲೆ.

ಐವತ್ತರ ದಶಕದ ನಡುವಿನ ಮಾತು. ನಾನು ಮೂಡುಬಿದಿರೆಯ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ಹುಟ್ಟಿದ್ದು ಪುಂಜಾಲಕಟ್ಟೆ, ಮಂಗಳೂರಿನಿಂದಾಚೆಗೆ ಕಾಲಿಟ್ಟವನಲ್ಲ. ನಮ್ಮ ಬೀದಿಯಲ್ಲೇ ಇದ್ದ ಜೈನ ಗೃಹಸ್ಥರು ಜಯಕೀರ್ತಿ ವಕೀಲರು, ಮೂವತ್ತು ವರ್ಷ ವಾದ ಮಾಡಿ ಆಗಷ್ಟೇ ಕರಿಕೋಟು ಕಳಚಿದ್ದರು. ಯುರೋಪು ನೋಡುವುದು ಅವರ ಕಾಲೇಜು ದಿನಗಳ ಹುಚ್ಚು. ಹೆಂಡತಿ ಸುಮತಿಯಕ್ಕನನ್ನು ಬಿಟ್ಟು ಹೋಗಲು ಅವರಿಗೆ ಮನಸ್ಸಿಲ್ಲ. ಸುಮತಿಯಕ್ಕನಿಗೆ ಹೋಗಲು ಮನಸ್ಸಿಲ್ಲ. ಸೂರ್ಯ ಮುಳುಗಿದ ಮೇಲೆ ಉಣ್ಣದವರು, ಸೋಸದ ನೀರು ಕುಡಿಯದವರು. ಮುನಿಗಳು ಊರಿಗೆ ಬಂದಾಗ ಕಲಶ ಹಿಡಿದು ಬಾಗಿಲಲ್ಲಿ ನಿಂತು ಅವರನ್ನು ಆಹಾರಕ್ಕೆ ಕರೆಯುತ್ತಿದ್ದರು. ತಾವು ಬೇಯಿಸಿದ ಅನ್ನಕ್ಕೆ ಮುನಿಗಳು ಬೊಗಸೆಯೊಡ್ಡುವುದು — ಅದಕ್ಕಿಂತ ದೊಡ್ಡದು ಅವರ ಬದುಕಿನಲ್ಲಿ ಬೇರೆ ಇರಲಿಲ್ಲ.

ಕೊನೆಗೆ ಒಪ್ಪಿದರು. ಪೆಟ್ಟಿಗೆಯ ತುಂಬ ಅವಲಕ್ಕಿ, ಬೆಲ್ಲ, ಚಟ್ನಿಪುಡಿ ತುಂಬಿದರು. ಪುಸ್ತಕಕ್ಕೆ ಉಳಿದದ್ದು ಒಂದರ ಜಾಗ.

ಮಂಗಳೂರಿನ ಅಂಗಡಿಯವನು ಎರಡು ಪ್ರವಾಸ ಕೈಪಿಡಿ ಕಳಿಸಿದ್ದ — ನೋಡಿ ಒಂದನ್ನು ಇಟ್ಟುಕೊಳ್ಳುವುದು, ಇನ್ನೊಂದನ್ನು ಮರಳಿಸುವುದು. ವಕೀಲರು ಎರಡನ್ನೂ ನನ್ನ ಕೈಯಲ್ಲಿಟ್ಟರು. "ನೀವೇ ಓದಿ ತೀರ್ಪು ಕೊಡಿ ಮಾಷ್ಟ್ರೇ. ನಾನು ಓದಿದರೆ ಎರಡೂ ಪಾರ್ಟಿ ಸರಿ ಅಂತ ಕಾಣ್ತದೆ" ಎಂದು ನಕ್ಕರು.

ಸುಮತಿಯಕ್ಕ ನಗಲಿಲ್ಲ. "ಅಲ್ಲಿ ನೋಡ್ಲಿಕ್ಕೆ ಏನುಂಟು ಅಂತ ನನಗೆ ಬೇಡ. ನಾನು ಏನು ತಿನ್ನಬಹುದು, ಏನು ತಿನ್ನಬಾರದು ಅಂತ ಯಾವುದರಲ್ಲಿ ಉಂಟೋ ಅದನ್ನು ಹೇಳಿ, ಸಾಕು."

ಇಷ್ಟು ಸ್ಪಷ್ಟವಾಗಿ ಕೇಳಿದ್ದರು. ನನಗೆ ತಿಳಿಯಲಿಲ್ಲ ಎನ್ನುವ ಹಾಗಿಲ್ಲ.

ಒಂದು ಪುಸ್ತಕ ಹೊಳೆಯುವ ಕಾಗದದ್ದು, ಸರೋವರ, ಗೋಪುರಗಳ ಬಣ್ಣದ ಚಿತ್ರಗಳು. ಇನ್ನೊಂದರಲ್ಲಿ ಚಿತ್ರವೇ ಇಲ್ಲ. ರೈಲುಗಳ ವೇಳೆ, ಬೀದಿಗಳ ನಕ್ಷೆ, ಕೋಣೆ ಕೇಳುವ ಬಗೆ, ಅಂಗಡಿ ಮುಚ್ಚುವ ಹೊತ್ತು. ಎಂಟು ದಿನ ನಾನು ಅದರೊಳಗೇ ಇದ್ದೆ. ಯಾವ ನಿಲ್ದಾಣದಲ್ಲಿ ಇಳಿದು ಯಾವ ರೈಲು ಹತ್ತಬೇಕೆಂದು ಶಾಲೆಗೆ ನಡೆಯುವಾಗಲೂ ಎಣಿಸುತ್ತಿದ್ದೆ. ಇನ್ನೂರ ಹನ್ನೊಂದನೆಯ ಪುಟ ಮಾಂಸ ತಿನ್ನದವರಿಗಾಗಿ ಇತ್ತು: ತರಕಾರಿ ಸೂಪು ಎಂದು ಬರೆದಿದ್ದರೂ ಅದನ್ನು ಮೂಳೆ ಬೇಯಿಸಿದ ನೀರಿನಲ್ಲಿ ಮಾಡುವುದು ವಾಡಿಕೆ, ವಿಚಾರಿಸದೆ ಮುಟ್ಟಬೇಡಿ. ಕೆಳಗೆ, ಮಾಂಸವಿಲ್ಲದ ಊಟ ಸಿಗುವ ಜಾಗಗಳ ಪಟ್ಟಿ.

ಆ ಪುಸ್ತಕ ನನಗೆ ಬೇಕಾಗಿತ್ತು. ಅಷ್ಟೇ. ಅಂಗಡಿಯವನ ಹತ್ತಿರ ಇದ್ದದ್ದು ಅದೊಂದೇ ಪ್ರತಿ; ವಕೀಲರು ಚಿತ್ರದ್ದನ್ನು ಇಟ್ಟುಕೊಂಡರೆ ಇದನ್ನು ನಾನು ಕೊಳ್ಳಬಹುದಿತ್ತು. ಆ ಒಂದು ಪುಟವನ್ನು ಕನ್ನಡದಲ್ಲಿ ಬರೆದುಕೊಡಬಹುದು ಎಂದು ಹೊಳೆಯಲಿಲ್ಲವೆ? ಹೊಳೆದಿತ್ತು. ಬರೆದುಕೊಟ್ಟರೆ ಅದು ಎಲ್ಲಿಂದ ಬಂತೆಂದು ಕೇಳುತ್ತಿದ್ದರು — ಉಪಯೋಗದ ಪುಸ್ತಕ ಯಾವುದೆಂದು ತಿಳಿದುಬಿಡುತ್ತಿತ್ತು...

"ಚಿತ್ರದ್ದೇ ಒಳ್ಳೆಯದು" ಎಂದೆ. "ಇನ್ನೊಂದರಲ್ಲಿ ಊಟದ ವಿಷಯ ಏನೂ ಇಲ್ಲ."

ಅವರು ಆರು ವಾರ ತಿರುಗಿದರು. ಸುಮತಿಯಕ್ಕ ಹಾಲು, ಹಣ್ಣು, ಬ್ರೆಡ್ಡು ಎಂದು ಕಳೆದರಂತೆ. ಚಳಿಗೆ ಬಿಸಿಯಾಗಿ ಏನಾದರೂ ಬೇಕೆನಿಸಿದಾಗ ತರಕಾರಿ ಸೂಪು. ಹೆಚ್ಚುಕಡಿಮೆ ದಿನಾ. ಮರಳುವ ಹಡಗಿನಲ್ಲಿ, ಆ ಕಡೆ ಬಹುಕಾಲ ಇದ್ದ ಗುಜರಾತಿ ಹೆಂಗಸೊಬ್ಬಳು ಮಾತಿನ ನಡುವೆ ಆ ಸೂಪಿನ ಗುಟ್ಟು ಹೇಳಿದಳು. ಆಮೇಲೆ ಎರಡು ದಿನ ಸುಮತಿಯಕ್ಕ ನೀರನ್ನೂ ಮುಟ್ಟಲಿಲ್ಲ.

ಅವರು ಊರಿಗೆ ಮರಳಿದ ಮೇಲೆ ಸುದ್ದಿ ಕೇಳಿ ನಾನು ಅವರ ಮನೆಗೆ ಹೋದೆ. ಏಕೆ ಹೋದೆ? ನೋಡಲು ಹೋದೆನೋ, ನನ್ನ ಮೇಲೆ ಸಂಶಯ ಉಂಟೋ ಎಂದು ತಿಳಿಯಲು ಹೋದೆನೋ — ಎರಡನೆಯದೇ ಇರಬೇಕು. ಸುಮತಿಯಕ್ಕ ಕಂಬಕ್ಕೆ ಒರಗಿ ಕುಳಿತಿದ್ದರು. ವಕೀಲರು ನಿಂತೇ ಇದ್ದರು. ಕೋರ್ಟಿನಲ್ಲಿ ಅವರ ಸ್ವರ ಹೊರಗಿನ ಮಾರ್ಗದವರೆಗೆ ಕೇಳುತ್ತಿತ್ತಂತೆ. ಅಂದು ಪಕ್ಕದಲ್ಲಿದ್ದ ನನಗೇ ಸರಿಯಾಗಿ ಕೇಳಲಿಲ್ಲ.

"ಆ ಇನ್ನೊಂದು ಪುಸ್ತಕದಲ್ಲಿ ಇದರ ಸುದ್ದಿ ಏನಾದ್ರೂ ಇತ್ತಾ ಮಾಷ್ಟ್ರೇ?"

ವಕೀಲರಿಗೆ ಬೇಕಾಗಿದ್ದ ಉತ್ತರ "ಇತ್ತು" ಎಂಬುದು. ಇತ್ತು ಎಂದಾದರೆ ಅದು ಬರಿ ಒಂದು ಆಯ್ಕೆಯ ತಪ್ಪು, ತಪ್ಪು ನನ್ನದು, ಅವರದಲ್ಲ. ಅವರು ನನ್ನ ಮುಖವನ್ನೇ ನೋಡುತ್ತಿದ್ದರು.

"ಇರಲಿಲ್ಲ" ಎಂದೆ.

ಸುಮತಿಯಕ್ಕ ಗಂಡನ ಕಡೆ ತಿರುಗಿದರು. "ಕೇಳಿದಿರಲ್ಲ. ಪುಸ್ತಕ ಬರೆದವರಿಗೇ ಗೊತ್ತಿಲ್ಲದ ಕಡೆಗೆ ನನ್ನನ್ನು ಎಳ್ಕೊಂಡು ಹೋದವರು ನೀವು."

ಹಿರಿಯರು ಪ್ರಾಯಶ್ಚಿತ್ತ ಹೇಳಿದರು, ಉಪವಾಸಗಳು ಮುಗಿದವು, ಶುದ್ಧಿಯಾಯಿತು ಎಂದರು. ಸುಮತಿಯಕ್ಕನಿಗೆ ಆಯಿತೆನಿಸಲಿಲ್ಲ. ಮುಂದೆ ಮುನಿಗಳು ಬಂದಾಗ ಬೀದಿಯ ಉಳಿದ ಬಾಗಿಲುಗಳಲ್ಲಿ ಕಲಶ ಹಿಡಿದವರು ನಿಂತರು. ಆ ಮನೆಯ ಬಾಗಿಲು ಮುಚ್ಚಿತ್ತು. ಗಂಡನಿಗೆ ಅಡಿಗೆ ಮಾಡಿ ಬಡಿಸುತ್ತಿದ್ದರು, ಮಾತು ಇರಲಿಲ್ಲ. ನಾನು ಕೊಂಡ ಪುಸ್ತಕವನ್ನು ಮತ್ತೆ ಬಿಡಿಸಲು ನನ್ನಿಂದಾಗಲಿಲ್ಲ — ಇದನ್ನು ಹೇಳಿ ನನ್ನ ಪಾಲನ್ನು ಕಡಿಮೆ ಮಾಡಿಕೊಳ್ಳುತ್ತಿಲ್ಲ.

ಜೈನರಲ್ಲಿ ಒಂದು ಪದ್ಧತಿ ಉಂಟು. ವರ್ಷಕ್ಕೊಮ್ಮೆ, ದಶಲಕ್ಷಣ ಪರ್ವ ಮುಗಿದ ಮೇಲೆ, ಪರಿಚಯದವರೆಲ್ಲರ ಹತ್ತಿರ ಹೋಗಿ ಕ್ಷಮೆ ಕೇಳುವುದು. ವಕೀಲರು ಪ್ರತಿ ವರ್ಷ ನನ್ನ ಮನೆಗೂ ಬರುತ್ತಿದ್ದರು. ತಿಳಿದೋ ತಿಳಿಯದೆಯೋ ಏನಾದರೂ ತಪ್ಪು ಮಾಡಿದ್ದರೆ ಕ್ಷಮಿಸಬೇಕು ಎಂದು ಕೈಮುಗಿಯುತ್ತಿದ್ದರು. ನಾನು ಕ್ಷಮಿಸುತ್ತಿದ್ದೆ. ಏಳು ವರ್ಷ — ನಾನು, ಅವರನ್ನು! ಎಂಟನೆಯ ವರ್ಷ ಅವರು ತೀರಿಕೊಂಡಿದ್ದರು.

ಸುಮತಿಯಕ್ಕ ಈಗ ಶಿರ್ತಾಡಿಯಲ್ಲಿ ತಮ್ಮನ ಮನೆಯಲ್ಲಿದ್ದಾರೆ. ಕಳೆದ ವಾರ ಬಸ್ಸಿನಲ್ಲಿ ಬಂದು, ಚಾವಡಿಯಲ್ಲಿ ನಿಂತು ಅದೇ ಮಾತು ಹೇಳಿ ಕೈಮುಗಿದರು. ಆಮೇಲೆ ಹೊರಡಲಿಲ್ಲ.

"ಎಲ್ಲರ ಹತ್ರ ಕೇಳ್ತೇನೆ, ಎಲ್ಲರಿಗೂ ಕೊಡ್ತೇನೆ. ಅವರಿಗೆ ಮಾತ್ರ ಕೊಡ್ಲಿಲ್ಲ ಮಾಷ್ಟ್ರೇ. ಏಳು ಸಲ ನನ್ನೆದುರು ಕೈಮುಗಿದು ನಿಂತ್ರು. ನಾನು ಒಳಗೆ ಹೋದೆ. ಈಗ ಕೊಡುವ ಅಂದ್ರೆ ಯಾರಿಗೆ ಕೊಡುವುದು?"

ಆಗಲಾದರೂ ಹೇಳಬಹುದಿತ್ತು. "ಇರಲಿ ಅಕ್ಕ" ಎಂದು ಹೇಳಿ ಅವರನ್ನು ಬಸ್ಸಿನವರೆಗೆ ಬಿಟ್ಟು ಬಂದೆ.

ಬಾಯಿಂದ ಹೇಳಲು ನನ್ನಿಂದಾಗುವುದಿಲ್ಲ, ಆದ್ದರಿಂದ ಬರೆದಿದ್ದೇನೆ. ನಾಳೆ ಬೆಳಿಗ್ಗೆ ಶಿರ್ತಾಡಿಗೆ ಹೋಗಿ ಈ ಕಾಗದಗಳನ್ನು ಅವರ ಕೈಯಲ್ಲಿಡುತ್ತೇನೆ. ಓದಿ ಅವರಿಗೆ ಸಮಾಧಾನವಾದೀತು ಎಂಬ ಭ್ರಮೆ ನನಗಿಲ್ಲ. ತಪ್ಪೇ ಮಾಡದ ಗಂಡನಿಗೆ ಏಳು ವರ್ಷ ಬೆನ್ನು ತಿರುಗಿಸಿದೆ ಎಂದು ಅವರಿಗೆ ತಿಳಿಯುವುದು ನಾಳೆಯೇ. ಆ ನೋವನ್ನು ಕೊಡುವವನೂ ನಾನೇ. ಅವರು ಓದಿ ಮುಗಿಸುವವರೆಗೆ ಎದುರಿಗೇ ಇರುತ್ತೇನೆ. ಕ್ಷಮೆ ಕೇಳುವುದಿಲ್ಲ. ಅದು ಸಲ್ಲಬೇಕಾದ ಮನುಷ್ಯ ಕೇಳಿ ಕೇಳಿ, ಸಿಗದೆಯೇ ತೀರಿಕೊಂಡರು.