ಭೂಮಿಯ ಹಳೆಯ ದಿನಗಳನ್ನು ಉಜ್ಜಿ ಹೊರತೆಗೆಯುವ ಚಿಪ್ಪಕ್ಕ

ಬೀದಿದೀಪಗಳು ಇನ್ನೂ ಆರಿಲ್ಲ. ವಿಶ್ವವಿದ್ಯಾಲಯದ ಹಳೆಯ ಕಟ್ಟಡದಲ್ಲಿ ನೆಲಮಾಳಿಗೆಯ ಒಂದು ಕೋಣೆಗೆ ಮಾತ್ರ ಬೆಳಕಿದೆ. ಐವತ್ತು ದಾಟಿದ ಹೆಂಗಸೊಬ್ಬರು ರಬ್ಬರ್ ಏಪ್ರನ್ ಕಟ್ಟಿಕೊಂಡು, ದಪ್ಪ ಗಾಜಿನ ಹಲಗೆಯ ಮೇಲೆ ನೀರು ಚಿಮುಕಿಸಿ, ಚಿಟಿಕೆ ಬೂದುಬಣ್ಣದ ಉಜ್ಜುಪುಡಿ ಉದುರಿಸಿ, ಅದರ ಮೇಲೆ ಸಣ್ಣ ಗಾಜಿನ ಪಟ್ಟಿಯೊಂದನ್ನು ಬೋರಲು ಹಾಕಿ ಉಜ್ಜುತ್ತಿದ್ದಾರೆ. ಪಟ್ಟಿಗೆ ಅಂಟಿಸಿರುವುದು ಕಲ್ಲಾಗಿಹೋದ ಸಮುದ್ರದ ಚಿಪ್ಪಿನ ಒಂದು ತೆಳು ಹೋಳು. ಅದರ ವಯಸ್ಸು ಸುಮಾರು ನಲವತ್ತು ಕೋಟಿ ವರ್ಷ. ಇವರ ಕೆಲಸದ ಬಗ್ಗೆ ಪತ್ರಿಕೆಗೆ ಬರೆಯಲು ಬಂದ ನಾನು ನಮಸ್ಕಾರ ಹೇಳಲು ಬಾಯಿ ತೆರೆಯುವಷ್ಟರಲ್ಲಿ, ತಲೆ ಎತ್ತದೆಯೇ, "ಬಾಗಿಲು ಮೆಲ್ಲಗೆ ಹಾಕಿ. ಕೂತ್ಕೊಳ್ಳಿ. ಮಾತು ಆಮೇಲೆ," ಎನ್ನುತ್ತಾರೆ. ನಾನು ಬಾಗಿಲು ಹಾಕಿ ಕೂರುತ್ತೇನೆ.

ಇವರನ್ನು ಇಲ್ಲಿ ಎಲ್ಲರೂ ಕರೆಯುವುದು ಚಿಪ್ಪಕ್ಕ ಎಂದು. ಹೊತ್ತು ಮೂಡುವ ಮೊದಲೇ ಕೆಲಸಕ್ಕೆ ಕೂರಲು ಕಾರಣವಿದೆ. "ಲಾರಿಗಳು ಓಡಾಡೋಕೆ ಶುರುವಾದ್ರೆ ಮೇಜು ನಡುಗುತ್ತೆ. ನಮಗೆ ಗೊತ್ತಾಗಲ್ಲ, ಚಿಪ್ಪಿಗೆ ಗೊತ್ತಾಗುತ್ತೆ," ಎಂದು ಆಮೇಲೆ ವಿವರಿಸುತ್ತಾರೆ. ಹೋಳು ಕೂದಲೆಳೆಗಿಂತ ತೆಳ್ಳಗಾದಾಗಲೇ ಬೆಳಕು ಅದರೊಳಗೆ ಹಾಯುವುದು. ಆ ಹದ ಬಂದ ಮೇಲೆ ಇನ್ನು ನಾಲ್ಕೇ ಸಲ ಉಜ್ಜಿದರೂ ಮುಗಿಯಿತು, ನಲವತ್ತು ಕೋಟಿ ವರ್ಷ ಉಳಿದು ಬಂದದ್ದು ನೀರಿನ ಜೊತೆ ಮೋರಿಗೆ ಹೋಗುತ್ತದೆ.

ಅದರೊಳಗೆ ಅಂಥದ್ದೇನಿದೆ? ಭೂಮಿ ತಿರುಗುವುದು ನಿಧಾನವಾಗುತ್ತಿದೆಯೇ ಎಂದು ಕೇಳಿದರೆ ಹೌದು ಎನ್ನುವ ಸಾಕ್ಷಿ ಇದೆ. ಚಂದ್ರ ಸಮುದ್ರದ ನೀರನ್ನು ಎಳೆದು ಉಬ್ಬಿಸುತ್ತಾನೆ. ಆ ನೀರು ತಿರುಗುವ ಭೂಮಿಗೆ ಸದಾ ಉಜ್ಜಿಕೊಂಡು ಸೈಕಲ್ ಬ್ರೇಕಿನಂತೆ ಅದರ ವೇಗ ತಗ್ಗಿಸುತ್ತದೆ. ಭೂಮಿ ಕಳೆದುಕೊಂಡ ತಿರುಗುವ ಆವೇಗ ಚಂದ್ರನ ಪಾಲಾಗಿ, ಅವನು ವರ್ಷಕ್ಕೆ ಒಂದೂವರೆ ಅಂಗುಲದಷ್ಟು ದೂರ ಸರಿಯುತ್ತಾನೆ. ದೂರವಾದಷ್ಟೂ ಅವನ ನಡೆಯೂ ನಿಧಾನ, ಸುತ್ತೂ ದೊಡ್ಡದು. ಉಬ್ಬರದ ಈ ಬ್ರೇಕಿನಿಂದ ನಮ್ಮ ದಿನ ಉದ್ದವಾಗುವುದು ನೂರು ವರ್ಷಕ್ಕೆ ಸೆಕೆಂಡಿನ ಐನೂರರಲ್ಲಿ ಒಂದು ಪಾಲು. ನಮ್ಮ ನಿಮ್ಮ ಕೈಗಡಿಯಾರ ಇದನ್ನು ಎಲ್ಲಿ ಹಿಡಿದೀತು! ಚಿಪ್ಪು ಹಿಡಿದಿಟ್ಟಿದೆ. ಅದು ಬದುಕಿದ್ದಷ್ಟು ಕಾಲ ದಿನಕ್ಕೊಂದು ಗೆರೆ ಬೆಳೆದಿದೆ. ಚಳಿಗಾಲದಲ್ಲಿ ಗೆರೆಗಳು ಒತ್ತೊತ್ತು. ಹುಣ್ಣಿಮೆ, ಅಮಾವಾಸ್ಯೆಯ ದೊಡ್ಡ ಉಬ್ಬರಕ್ಕೆ ಬೇರೆಯೇ ಗುರುತು. ಒಂದು ಚಳಿಗಾಲದಿಂದ ಇನ್ನೊಂದಕ್ಕೆ ಎಣಿಸಿದರೆ ಆ ಕಾಲದ ವರ್ಷಕ್ಕೆ ನಾನೂರರ ಆಸುಪಾಸಿನ ದಿನಗಳು ಸಿಗುತ್ತವೆ. ಅಂದರೆ ಆಗ ದಿನಕ್ಕೆ ಸುಮಾರು ಇಪ್ಪತ್ತೆರಡೇ ಗಂಟೆ.

"ನಮ್ಮತ್ತೆಗೆ ಇದನ್ನೆಲ್ಲ ಹೇಳಿದೆ," ಎಂದು ಚಿಪ್ಪಕ್ಕ ನಗುತ್ತಾರೆ. "'ದಿನ ಉದ್ದ ಆಗ್ತಾ ಇದ್ರೆ ನೀನ್ಯಾಕೆ ಮನೆಗೆ ಹೊತ್ತಿಗೆ ಸರಿಯಾಗಿ ಬರಲ್ಲ?' ಅಂದ್ರು."

ಈ ಕೈ ಪಳಗಿದ್ದು ಸೋದರಮಾವನ ಕನ್ನಡಕದಂಗಡಿಯಲ್ಲಿ. ಹದಿನಾರರ ಹರೆಯದಿಂದ ಅಲ್ಲಿ ಗಾಜು ಉಜ್ಜಿದರು. ಪ್ಲಾಸ್ಟಿಕ್ ಮಸೂರಗಳು ಬಂದು ಅಂಗಡಿಗೆ ಬೀಗ ಬಿದ್ದಾಗ, ಮೂರು ವರ್ಷ ಸಿಕ್ಕಿದ ಕೆಲಸ ಮಾಡಿ ಹೇಗೋ ದಿನ ತಳ್ಳಿದರು. ಆಮೇಲೆ ಇಲ್ಲಿಗೆ ಬಂದರು. ಈಗ ಬೆರಳ ತುದಿಗಳು ಎಷ್ಟು ನುಣುಪಾಗಿವೆಯೆಂದರೆ, ಹಾಜರಿ ಹಾಕುವ ಬೆರಳ ಗುರುತಿನ ಯಂತ್ರ ಇವರನ್ನು ಗುರುತಿಸುವುದೇ ಇಲ್ಲ. "ದಿನಾ ಬೆಳಗ್ಗೆ ನೀನ್ಯಾರು ಅಂತ ಕೇಳುತ್ತೆ. ನಾನೂ ಕೋಪ ಮಾಡ್ಕೊಳ್ಳಲ್ಲ."

ಇಂದಿನ ಚಿಪ್ಪಿನ ವಿಷಯಕ್ಕೆ ಬಂದಾಗ ಮಾತ್ರ ನಗು ನಿಲ್ಲುತ್ತದೆ. ಇದು ಸಿಕ್ಕಿದ ಕಲ್ಲುಗಣಿಯ ಪದರದಲ್ಲಿ ಪೂರ್ತಿ ಒಂದು ವರ್ಷದ ಗೆರೆ ಉಳಿಸಿಕೊಂಡ ಚಿಪ್ಪು ಸಿಕ್ಕಿದ್ದು ಎರಡೇ. ಮೊದಲನೆಯದು ಹೋದ ವರ್ಷ ಇವರ ಕೈಯಲ್ಲೇ ಕೆಟ್ಟಿತು. ಹೋಳಿನ ಅಡಿಯ ಅಂಟು ಒಂದು ಕಡೆ ದಪ್ಪವಾಗಿದ್ದು ಗೊತ್ತಾಗದೆ, ಆ ಮೂಲೆ ಮೊದಲೇ ಸವೆದುಹೋಯಿತು. "ಹೆಚ್ಚುಕಮ್ಮಿ ಒಂದು ತಿಂಗಳಿನ ಗೆರೆ ನೀರುಪಾಲಾಯ್ತು. ಲೆಕ್ಕ ಅಲ್ಲಿಗೇ ನಿಂತುಹೋಯ್ತು. ಮೇಡಂ ಒಂದು ಮಾತೂ ಬೈಲಿಲ್ಲ. ಬೈದಿದ್ರೆ ಆವತ್ತು ರಾತ್ರಿ ಊಟ ಸೇರ್ತಿತ್ತು ನನಗೆ." ಮೇಡಂ ಎಂದರೆ ಗೆರೆ ಎಣಿಸುವ ವಿಜ್ಞಾನಿ, ಚಿಪ್ಪಕ್ಕನಿಗಿಂತ ಹತ್ತು ವರ್ಷ ಚಿಕ್ಕವರು. ಈಗ ಉಳಿದಿರುವುದು ಇದೊಂದೇ ಚಿಪ್ಪು.

ಕಿಟಕಿಗೆ ಬೆಳಕು ಬರುವ ಹೊತ್ತಿಗೆ ಮೇಡಂ ಬರುತ್ತಾರೆ. ಹೋಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, "ಈ ಕೊನೆಯಲ್ಲಿ ಇನ್ನೂ ಮಂಜುಮಂಜು, ಅಕ್ಕ," ಎನ್ನುತ್ತಾರೆ. ಚಿಪ್ಪಕ್ಕ ತಾವೂ ಕಣ್ಣಿಟ್ಟು ನೋಡುತ್ತಾರೆ. ಒಂದು ಕೊನೆಯಲ್ಲಿ ಗೆರೆಗಳು ಕಾಣುತ್ತಿಲ್ಲ. ಇನ್ನೊಂದು ಕೊನೆ ಆಗಲೇ ಹದಕ್ಕೆ ಬಂದಿದೆ. ಮತ್ತೆ ಒಂದೇ ಸಮ ಉಜ್ಜಿದರೆ ಹೋದ ವರ್ಷದ ಕಥೆಯೇ.

"ಬೇಡ ಅನ್ನಿಸಿದ್ರೆ ಇಷ್ಟಕ್ಕೇ ಬಿಡೋಣ. ಇದ್ದಷ್ಟು ಎಣಿಸ್ತೀನಿ," ಎನ್ನುತ್ತಾರೆ ಮೇಡಂ.

"ಮುಕ್ಕಾಲು ವರ್ಷ ಇಟ್ಕೊಂಡು ಏನ್ ಮಾಡ್ತೀರಿ? ಕೊಡಿ ಇಲ್ಲಿ."

ಅವರು ಹಲಗೆ ತೊಳೆದು, ಎಲ್ಲಕ್ಕಿಂತ ನುಣ್ಣನೆಯ ಪುಡಿ ಹಾಕುತ್ತಾರೆ. ಪಟ್ಟಿಯ ಒಂದೇ ಅಂಚಿನ ಮೇಲೆ ತೋರುಬೆರಳ ಭಾರ ಬಿಟ್ಟು, ಇಂಗ್ಲಿಷಿನ ಎಂಟರ ಆಕಾರದಲ್ಲಿ ಎರಡು ಸುತ್ತು. ತೊಳೆದು ದೀಪಕ್ಕೆ ಹಿಡಿದು ನೋಡುತ್ತಾರೆ. ಮತ್ತೆ ಎರಡು ಸುತ್ತು. ಮೇಡಂ ಗೋಡೆಯ ಕಡೆ ತಿರುಗಿ ನಿಂತಿದ್ದಾರೆ. ನಾನು ಕೂತಲ್ಲಿಂದ ಎದ್ದು ನಿಂತಿದ್ದೇನೆ. ಇಷ್ಟು ಚಿಕ್ಕ ಚೂರಿಗಾಗಿ ನಾನು ಹೀಗೆ ಹೆದರುತ್ತೇನೆಂದು ಯಾರಾದರೂ ನಿನ್ನೆ ಹೇಳಿದ್ದರೆ ನಂಬುತ್ತಿರಲಿಲ್ಲ. ಮೂರನೇ ಸಲ ತೊಳೆದ ಮೇಲೆ ಚಿಪ್ಪಕ್ಕ ಬಟ್ಟೆಗೆ ಕೈ ಒರೆಸಿಕೊಳ್ಳುತ್ತಾರೆ.

"ನೋಡಿ ಮೇಡಂ."

ಮೇಡಂ ನೋಡುತ್ತಾರೆ. ಹೋಳನ್ನು ಒಂದು ತುದಿಯಿಂದ ಇನ್ನೊಂದಕ್ಕೆ ಮೆಲ್ಲಗೆ ಸರಿಸುತ್ತಾರೆ. ಆಮೇಲೆ ನನ್ನನ್ನೂ ಕರೆದು ತೋರಿಸುತ್ತಾರೆ. ಈ ಕೊನೆಯಿಂದ ಆ ಕೊನೆಯವರೆಗೆ ಗೆರೆಯ ಪಕ್ಕ ಗೆರೆ, ಎರಡೂ ಚಳಿಗಾಲಗಳು ಸ್ವಚ್ಛ.

ಎಣಿಕೆ ಮುಗಿಯಲು ಕೆಲವು ದಿನ ಬೇಕು. ಚಿಪ್ಪಕ್ಕ ಅದಕ್ಕೆ ಕಾಯದೆ ಆಗಲೇ ಹಲಗೆ ಉಜ್ಜಿ ತೊಳೆಯುತ್ತಿದ್ದಾರೆ. ಆ ವರ್ಷದಲ್ಲಿ ಎಷ್ಟು ದಿನ ಇದ್ದವೆಂದು ತಿಳಿಯುವ ಆಸೆ ಇಲ್ಲವೇ ಎಂದು ಕೇಳುತ್ತೇನೆ.

"ಎಷ್ಟಾದ್ರೂ ಇರ್ಲಿ, ಎಣಿಸೋದು ಅವರ ಕೆಲಸ," ಎನ್ನುತ್ತಾರೆ. "ಈ ಸಲ ನನ್ನ ಕೈಯಲ್ಲಿ ಒಂದು ದಿನಾನೂ ಕಳೆದುಹೋಗಿಲ್ಲ."