ಕಾರ್ಕಿನ ಸಂತೆಯಲ್ಲಿ ಹಿದುಕಿದ ಬೇಳೆ

ಮದುವೆಯಾಗಿ ಒಂಬತ್ತು ವರ್ಷವಾಗಿದ್ದರೂ ನಾನೂ ನನ್ನ ಅತ್ತೆಯೂ ಒಂದೇ ಅಡುಗೆಮನೆಯಲ್ಲಿ ಒಟ್ಟಿಗೆ ನಿಂತದ್ದು ಹೆಚ್ಚೆಂದರೆ ಹದಿನೈದು ದಿನ. ಮದುವೆಯಾದ ಮರುತಿಂಗಳೇ ನಾನೂ ನನ್ನ ಗಂಡನೂ ಐರ್ಲೆಂಡಿನ ಕಾರ್ಕ್ ಊರಿಗೆ ಬಂದುಬಿಟ್ಟೆವು. ಆಮೇಲೆ ಊರಿಗೆ ಹೋದಾಗಲೆಲ್ಲ ನಾನು ನೆಂಟರ ಹಾಗೆ ಕೂತು ಉಂಡು ಬರುತ್ತಿದ್ದೆ. ಅತ್ತೆ ಮೈಸೂರಿನಲ್ಲಿ ಇಪ್ಪತ್ತಾರು ವರ್ಷ ಮೆಸ್ ನಡೆಸಿದವರು. ಕಾಲೇಜಿನ ಹುಡುಗರಿಗೆ ದಿನಕ್ಕೆರಡು ಹೊತ್ತು ಊಟ ಬಡಿಸಿದ ಕೈ ಅದು. ಅವರ ಅಡುಗೆಮನೆಯಲ್ಲಿ ಇನ್ನೊಬ್ಬರಿಗೆ ಮಾಡಲು ಕೆಲಸವೇ ಉಳಿದಿರುತ್ತಿರಲಿಲ್ಲ.

ಹೋದ ವರ್ಷ ಸೆಪ್ಟೆಂಬರ್ ಕೊನೆಯಲ್ಲಿ ಅವರು ಮೊದಲ ಸಲ ಕಾರ್ಕಿಗೆ ಬರುವವರಿದ್ದರು. ವೀಸಾ, ಟಿಕೆಟ್ ಎಲ್ಲ ಆಗಿತ್ತು. ಇನ್ನೊಂದು ವಾರವಿದೆ ಎನ್ನುವಾಗ ನಾನು ಹಿತ್ತಿಲ ಮೆಟ್ಟಿಲ ಮೇಲಿದ್ದ ಒದ್ದೆ ಎಲೆಗಳ ಮೇಲೆ ಕಾಲಿಟ್ಟು ಜಾರಿ, ಬಲಗೈ ಮಣಿಕಟ್ಟು ಮುರಿದುಕೊಂಡೆ. ಮೊಣಕೈವರೆಗೆ ಪ್ಲಾಸ್ಟರ್ ಹಾಕಿದರು. ಗಂಡನಿಗೆ ಔಷಧಿ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ. ಮಗಳಿಗೆ ಏಳು ವರ್ಷ. ಹೀಗಾಗಿ ಊರು ನೋಡಲೆಂದು ಬಂದ ಅತ್ತೆ, ಬಂದ ಮರುದಿನವೇ ಸೀರೆಯ ಮೇಲೆ ಸ್ವೆಟರ್ ಹಾಕಿಕೊಂಡು, ಸೆರಗು ಸಿಕ್ಕಿಸಿ ಒಲೆಯ ಮುಂದೆ ನಿಂತರು.

"ಎರಡು ತಿಂಗಳು ಸುಮ್ನೆ ಕೂತಿದ್ರೆ ನಂಗೆ ಹುಚ್ಚು ಹಿಡೀತಿತ್ತು," ಎಂದರು. "ನಿನ್ನ ಕೈ ಮುರಿದಿದ್ದು ನಂಗೆ ಅನುಕೂಲವೇ ಆಯ್ತು ಅನ್ಕೋ."

ಅವರ ತಮಾಷೆಯೇ ಹಾಗೆ. ನಗಬೇಕೋ ಬೇಡವೋ ತಿಳಿಯುವುದಿಲ್ಲ.

ಸೂಪರ್‌ಮಾರ್ಕೆಟ್ಟಿನಿಂದ ತಂದ ತರಕಾರಿ ಅವರಿಗೆ ಒಂದು ದಿನವೂ ಹಿಡಿಸಲಿಲ್ಲ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಕ್ಯಾರೆಟ್ಟನ್ನು ಬೆಳಕಿಗೆ ಹಿಡಿದು, "ಮುಟ್ಟಿ ನೋಡದೆ ತರಕಾರಿ ತರೋದು, ಮುಖ ನೋಡದೆ ಸೊಸೆ ತಂದ ಹಾಗೆ," ಎಂದರು. ಆದ್ದರಿಂದ ಆ ಶನಿವಾರ ನಾನೂ ಮಗಳೂ ಅವರನ್ನು ಫಾರ್ಮರ್ಸ್ ಮಾರ್ಕೆಟ್ಟಿಗೆ ಕರೆದುಕೊಂಡು ಹೋದೆವು. ಕಾರು ಓಡಿಸಿಕೊಂಡು ಬಂದ ಗಂಡ ಕಾರಿನಲ್ಲೇ ಉಳಿದರು. ನಾವು ಮನೆಯಲ್ಲಿ ಅದನ್ನು ಸಂತೆ ಅಂತಲೇ ಕರೆಯುವುದು. ಕಾರು ನಿಲ್ಲಿಸುವ ಒಂದು ಬಯಲಲ್ಲಿ ಬೆಳಿಗ್ಗೆ ಇಪ್ಪತ್ತು ಮೂವತ್ತು ಗುಡಾರ ಎದ್ದು, ಮಧ್ಯಾಹ್ನದ ಹೊತ್ತಿಗೆ ಮಾಯವಾಗುತ್ತವೆ.

ಅಕ್ಟೋಬರ್ ಶುರುವಾಗಿತ್ತು. ಕುಂಬಳಕಾಯಿ ರಾಶಿ, ಈರುಳ್ಳಿ ಜಾತಿಯ, ಮಣ್ಣು ಮೆತ್ತಿದ ಲೀಕ್ಸ್, ಎಲೆಯ ಸಮೇತ ಕಟ್ಟಿದ ಬೀಟ್‌ರೂಟ್, ಬೇಯಿಸಿಯೇ ತಿನ್ನಬೇಕಾದ ಹುಳಿ ಸೇಬು. ಅತ್ತೆ ಸೇಬಿನ ಚೂರನ್ನು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿ, "ಮಾವಿನಕಾಯಿ ಬದಲು ಚಿತ್ರಾನ್ನಕ್ಕೆ ಆಗುತ್ತೆ," ಎಂದು ತೀರ್ಪು ಕೊಟ್ಟರು. ಮೂರನೆಯ ಗುಡಾರದಲ್ಲಿ ನವಿಲುಕೋಸು ಕಂಡಾಗ ನೆಂಟರು ಸಿಕ್ಕಿದಷ್ಟು ಸಂತೋಷಪಟ್ಟರು. ನಾಲ್ಕು ವರ್ಷದಿಂದ ನಾನು ಆ ಗುಡಾರದಲ್ಲೇ ತರಕಾರಿ ಕೊಳ್ಳುತ್ತಿದ್ದೆ. ಅದರ ರೈತರಿಗೆ ಅರವತ್ತರ ಆಸುಪಾಸು. ಎತ್ತರದ ಆಳು, ಬೆರಳ ಬಿರುಕುಗಳಲ್ಲಿ ಯಾವಾಗಲೂ ಮಣ್ಣು. ಮಳೆ ಬಂತು, ಮಳೆ ನಿಂತಿತು ಎನ್ನುವುದನ್ನು ಬಿಟ್ಟು ನಾವಿಬ್ಬರೂ ಬೇರೇನೂ ಮಾತಾಡಿದ್ದಿಲ್ಲ.

ನವಿಲುಕೋಸಿನ ಪಕ್ಕದ ಪೆಟ್ಟಿಗೆಯಲ್ಲಿ ರನ್ನರ್ ಬೀನ್ಸ್ ಇತ್ತು. ಗೇಣುದ್ದದ, ಚಪ್ಪಟೆಯಾದ, ಒರಟು ಸಿಪ್ಪೆಯ ಬೀನ್ಸ್. ಅತ್ತೆ ಒಂದನ್ನು ಎತ್ತಿಕೊಂಡು ತುದಿ ಮುರಿದರು. ಎಳೆಯದಾದರೆ ಟಕ್ಕೆಂದು ಮುರಿಯಬೇಕು. ಅದು ಬಾಗಿ, ನಾರಿಗೆ ಜೋತುಬಿತ್ತು. ವಾಪಸ್ ಹಾಕಿ ಇನ್ನೊಂದು ಮುರಿದರು. ಮತ್ತೊಂದು. ಇಪ್ಪತ್ತಾರು ವರ್ಷ ದಿನಾ ಬೆಳಿಗ್ಗೆ ದೇವರಾಜ ಮಾರ್ಕೆಟ್ಟಿನಲ್ಲಿ ಮಾಡಿದ್ದನ್ನೇ ಅವರ ಕೈ ಇಲ್ಲೂ ಮಾಡುತ್ತಿತ್ತು. ಐದನೆಯದನ್ನು ಮುರಿದಾಗ ರೈತರು ನನ್ನ ಕಡೆ ತಿರುಗಿದರು.

"ಮುರಿಯಬೇಡಿ ಅಂತ ಅವರಿಗೆ ಸ್ವಲ್ಪ ಹೇಳ್ತೀರಾ? ಅದನ್ನ ಇನ್ನೊಬ್ಬರು ತಗೋಬೇಕಲ್ಲ," ಎಂದರು. ದನಿ ಏರಿಸಲಿಲ್ಲ, ಆದರೆ ಮುಖ ಬಿಗಿದಿತ್ತು.

ನನ್ನ ಹಿಂದೆ ಸಾಲಿನಲ್ಲಿ ಮಗಳ ಶಾಲೆಯ ಇಬ್ಬರು ತಾಯಂದಿರು ನಿಂತಿದ್ದರು. ನನ್ನ ಕಿವಿ ಬಿಸಿಯಾಯಿತು. ಮೆಲ್ಲಗೆ ಹೇಳಬಹುದಿತ್ತು. ಅವರ ಕೈ ಹಿಡಿದು ಪಕ್ಕಕ್ಕೆ ಕರೆಯಬಹುದಿತ್ತು. ನಾನು ಅದ್ಯಾವುದನ್ನೂ ಮಾಡಲಿಲ್ಲ.

"ಅತ್ತೆ, ಬಿಡಿ ಅದನ್ನ. ಇದು ನಿಮ್ಮ ದೇವರಾಜ ಮಾರ್ಕೆಟ್ ಅಲ್ಲ. ಹೀಗೆಲ್ಲ ಮಾಡಿದ್ರೆ ಇವ್ರು ನಮ್ಮನ್ನ ಏನಂತ ತಿಳ್ಕೊಳ್ತಾರೆ?"

ನಮ್ಮನ್ನು ಬಿಟ್ಟರೆ ಅಲ್ಲಿದ್ದ ಯಾರಿಗೂ ಕನ್ನಡ ಬರುತ್ತಿರಲಿಲ್ಲ, ನಿಜ. ಆದರೆ ಬೈಗುಳ ಯಾವ ಭಾಷೆಯಲ್ಲಿದ್ದರೂ ತಿಳಿಯುತ್ತದೆ. ಅತ್ತೆ ಕೈಯಲ್ಲಿದ್ದ ಬೀನ್ಸನ್ನು ಪೆಟ್ಟಿಗೆಯೊಳಗೆ ನೆಟ್ಟಗೆ ಇಟ್ಟರು. ಸೆರಗಿನಲ್ಲಿ ಕೈ ಒರೆಸಿಕೊಂಡರು. ಆಮೇಲೆ ಆ ರೈತರಿಗೆ ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಿ, ಕಾರಿನ ಕಡೆ ನಡೆದರು.

ಮನೆಯಲ್ಲಿ ಅವರೇನೂ ಮುನಿಸಿಕೊಳ್ಳಲಿಲ್ಲ. ಅವತ್ತೇ ನಾನು ಕೊಂಡು ತಂದ ನವಿಲುಕೋಸಿನ ಹುಳಿ ಮಾಡಿದರು, ಚೆನ್ನಾಗಿಯೂ ಇತ್ತು. ಆದರೆ ಮರುದಿನದಿಂದ ಎಲ್ಲದಕ್ಕೂ ನನ್ನ ಅಪ್ಪಣೆ ಕೇಳತೊಡಗಿದರು. "ಈ ಬಾಣಲೆ ತಗೋಬಹುದಾ?" "ಒಗ್ಗರಣೆ ಹಾಕ್ತೀನಿ, ಕಿಟಕಿ ತೆಗೀಲಾ?" "ಪಕ್ಕದ ಮನೆಯವ್ರಿಗೆ ವಾಸನೆ ಹೋದ್ರೆ ಏನೂ ಅನ್ನಲ್ವಾ?" ಒಂದೊಂದು ಪ್ರಶ್ನೆಯೂ ವಿನಯವಾಗಿಯೇ ಇರುತ್ತಿತ್ತು. ಅವರು ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಗಂಡನಿಗೆ ಹೇಳಿದೆ. "ಅಮ್ಮ ಮರೀತಾರೆ ಬಿಡು," ಎಂದು ಅವರು ಶಿಫ್ಟಿಗೆ ಹೊರಟರು. ಮುಂದಿನ ಶನಿವಾರ ಅತ್ತೆಯನ್ನು ಸಂತೆಗೆ ಕರೆದೆ. "ನೀವು ಹೋಗ್ಬನ್ನಿ. ನಂಗೆ ಚಳಿ," ಎಂದರು. ಕಿಟಕಿಯಾಚೆ ಒಳ್ಳೆಯ ಬಿಸಿಲಿತ್ತು. ನಾನೂ ಹೋಗಲಿಲ್ಲ. ಮಗಳು ಶೂ ಬಿಚ್ಚುತ್ತಾ, "ಅಮ್ಮಾ, ಯು ವರ್ ಮೀನ್ ಟು ಅಜ್ಜಿ, ಲೈಕ್," ಎಂದಳು. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ. ಉತ್ತರ ಮಾತ್ರ ಕಾರ್ಕಿನ ಇಂಗ್ಲಿಷಿನಲ್ಲಿ.

ಅದರ ಮುಂದಿನ ವಾರ ನಾನು ಮಗಳ ಜೊತೆ ಬಸ್ಸಿನಲ್ಲಿ ಹೋದೆ. ಬೇರೆ ಗುಡಾರದಲ್ಲಿ ತೆಗೆದುಕೊಂಡು ಬಂದುಬಿಡೋಣ ಎಂದುಕೊಂಡಿದ್ದೆ. ಆದರೆ ಆ ರೈತರೇ ನನ್ನನ್ನು ನೋಡಿ ಕೈ ಎತ್ತಿದರು.

"ನಿಮ್ಮ ಜೊತೆ ಬಂದಿದ್ದ ಹಿರಿಯರು ಹುಷಾರಾಗಿದಾರಾ?"

"ಹುಷಾರಾಗಿದಾರೆ. ಅವರಿಗೆ ಚಳಿ ಜಾಸ್ತಿ ಆಗುತ್ತೆ," ಎಂದೆ.

"ಅವತ್ತು ನಾನು ಒರಟಾಗಿ ಮಾತಾಡಿಬಿಟ್ಟೆ," ಎಂದರು ಅವರು, ಲೀಕ್ಸ್ ಜೋಡಿಸುವುದನ್ನು ನಿಲ್ಲಿಸದೆ. "ಉಳಿದ ಬೀನ್ಸನ್ನ ಮನೆಗೆ ತಗೊಂಡು ಹೋಗಿ ಬೇಯಿಸಿದೆ. ಬರೀ ನಾರು. ಅವರು ಸರಿಯಾಗೇ ನೋಡಿದ್ರು. ನಾನು ಅದನ್ನ ಇಲ್ಲಿಗೆ ತರಲೇಬಾರದಿತ್ತು."

ನಾನು ಪರವಾಗಿಲ್ಲ ಎನ್ನುವಷ್ಟರಲ್ಲಿ ಮಗಳು ಬಾಯಿ ಹಾಕಿದಳು. ಅಜ್ಜಿ ಬರದೇ ಇರುವುದು ನಿಮ್ಮಿಂದ ಅಲ್ಲ, ನಮ್ಮಮ್ಮ ಎಲ್ಲರೆದುರು ಬೈದದ್ದರಿಂದ ಎಂದು ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಹೇಳಿಬಿಟ್ಟಳು. ರೈತರು ನನ್ನ ಮುಖ ನೋಡಿದರು. ನಗಲಿಲ್ಲ. ಪ್ಲಾಸ್ಟರ್ ಹಾಕಿದ ನನ್ನ ಕೈಯತ್ತ ನೋಡಿ, ಚೀಲ ನಾನೇ ಕಟ್ಟಿಕೊಡುತ್ತೇನೆ ಎಂದು ಅದನ್ನು ತೆಗೆದುಕೊಂಡರು.

ಬೀನ್ಸ್ ಇನ್ನಿದೆಯೇ ಎಂದು ಕೇಳಿದೆ. ಮುಗಿಯಿತು, ಈ ವಾರ ಬಳ್ಳಿಯನ್ನೆಲ್ಲ ಕಿತ್ತು ಗೊಬ್ಬರಕ್ಕೆ ಹಾಕುತ್ತಿದ್ದೇನೆ ಎಂದರು. ವ್ಯಾನಿನೊಳಗೆ ಪಕ್ಕದ ತೋಟದವರ ಹಂದಿಗಳಿಗೆಂದು ಇಟ್ಟಿದ್ದ ಬಾಡಿದ ಎಲೆಕೋಸಿನ ಹೊರಸಿಪ್ಪೆಯ ಜೊತೆ ಒಂದು ಚೀಲ ಬಲಿತ ಬೀನ್ಸ್ ಇತ್ತು. ಕಾಯಿ ಹಳದಿ ತಿರುಗಿ, ಒಳಗಿನ ಕಾಳು ಹೊರಗಿನಿಂದಲೇ ಉಬ್ಬಿ ಕಾಣುತ್ತಿತ್ತು. ಅದನ್ನು ಕೊಡುತ್ತೀರಾ ಎಂದೆ. ಯಾಕೆ ಕೇಳಿದೆನೋ ಆಗ ನನಗೇ ಸರಿಯಾಗಿ ತಿಳಿದಿರಲಿಲ್ಲ. ಅತ್ತೆಯ ಮುಂದೆ ಇಡಲು ಏನಾದರೂ ಬೇಕಿತ್ತು, ಅಷ್ಟೆ. ಅವರು ಚೀಲವನ್ನು ಬಸ್ ಸ್ಟಾಪಿನವರೆಗೂ ಹೊತ್ತು ತಂದುಕೊಟ್ಟರು.

ಅತ್ತೆ ಅಡುಗೆಮನೆಯ ಮೇಜಿನ ಮೇಲೆ ಒಂದು ಕಾಯಿ ಬಿಡಿಸಿದರು. ಒಳಗೆ ಹೆಬ್ಬೆರಳ ಉಗುರಿನಷ್ಟು ದಪ್ಪದ, ನೇರಳೆ ಬಣ್ಣದ ಮೇಲೆ ಕಪ್ಪು ಚುಕ್ಕೆ ಇದ್ದ ಕಾಳು. ಉಗುರಿನಿಂದ ಒತ್ತಿ ನೋಡಿದರು. ಮೂಸಿ ನೋಡಿದರು.

"ಇದು ಅವರೆ ಅಲ್ಲ," ಎಂದರು. "ಆದ್ರೆ ಅವರೆ ಥರಾನೇ ಹಾಲು ತುಂಬಿಕೊಂಡಿದೆ. ಇದನ್ನ ಎಸೀತಾನಾ ಆಯಪ್ಪ?"

"ಹಂದಿಗೆ ಹಾಕ್ತಾರಂತೆ."

"ಸರಿ ಹೋಯ್ತು. ಮೊರ ಇದೆಯಾ ನಿಮ್ಮನೇಲಿ?"

ಮೊರ ಇರಲಿಲ್ಲ. ದೊಡ್ಡ ತಟ್ಟೆ ಕೊಟ್ಟೆ. ಎದುರು ಕೂತು ನಾನೂ ಎಡಗೈಯಲ್ಲಿ ಬಿಡಿಸತೊಡಗಿದೆ. ಅವರು ಹತ್ತು ಬಿಡಿಸುವಷ್ಟರಲ್ಲಿ ನನ್ನದು ಒಂದಾಗುತ್ತಿತ್ತು. ಕೈ ಕೆಲಸದಲ್ಲಿದ್ದುದರಿಂದ ಮಾತು ಹೊರಟಿತು.

"ಅತ್ತೆ, ಅವತ್ತು ನಾನು ಹಾಗನ್ನಬಾರದಿತ್ತು. ನಿಮ್ಮದೇನೂ ತಪ್ಪಿರಲಿಲ್ಲ."

"ತಪ್ಪಿತ್ತು," ಎಂದರು ಅವರು. "ಒಂದೂರಲ್ಲಿ ಮುರಿದು ನೋಡಬೇಡಿ ಅಂದ್ರೆ ಮುರೀಬಾರದು. ಆಯಪ್ಪ ಹೇಳಿದ್ದಕ್ಕೆ ನಂಗೇನೂ ಅನ್ನಿಸ್ಲಿಲ್ಲ ಕಣಮ್ಮ. ನೀನು 'ನಮ್ಮನ್ನ ಏನಂತ ತಿಳ್ಕೊಳ್ತಾರೆ' ಅಂದ್ಯಲ್ಲ, ಅದು ಚುಚ್ಚಿತು. ನನ್ನಿಂದ ನಿಂಗೆ ಅವಮಾನ ಆಗ್ಬಾರ್ದು ಅಂತ ಅವತ್ತಿಂದ ಹುಷಾರಾಗಿದೀನಿ."

ನನ್ನ ಕಣ್ಣು ತುಂಬಿಕೊಂಡಿತು. ಅವರು ಅದನ್ನು ನೋಡಿಯೂ ನೋಡದವರ ಹಾಗೆ ಇನ್ನೊಂದು ಹಿಡಿ ಕಾಯಿ ಎಳೆದುಕೊಂಡರು.

"ನಾನು ಮೆಸ್ ಶುರು ಮಾಡಿದಾಗ ನಮ್ಮತ್ತೆ ಇನ್ನೂ ಇದ್ರು," ಎಂದರು. "ಎಲೆ ಅಡಿಕೆ ಹಾಕ್ಕೊಂಡು ಬಂದು ಹುಡುಗರ ಮಧ್ಯ ಕೂತ್ಕೊಳ್ಳೋರು. ಯಾವೂರಪ್ಪಾ, ನಿಮ್ಮಮ್ಮ ಏನು ಸಾರು ಮಾಡ್ತಾರೆ ಅಂತೆಲ್ಲ ಕೇಳೋರು. ಇಂಜಿನಿಯರಿಂಗ್ ಓದೋ ಹುಡುಗ್ರು ಏನಂದ್ಕೋತಾರೋ ಅಂತ ನಂಗೆ ಸಂಕೋಚ. ಒಂದಿನ ಹೇಳ್ಬಿಟ್ಟೆ, ನೀವು ಮುಂದುಗಡೆ ಬರಬೇಡಿ ಅಂತ. ಆಮೇಲೆ ಅವರು ಬರಲೇ ಇಲ್ಲ. ಹುಡುಗರು ಒಂದು ವಾರ ಕೇಳಿದ್ರು, ಅಜ್ಜಿ ಎಲ್ಲಿ ಅಂತ. ನಾನು ಅವರ ಹತ್ರ ಒಂದು ಮಾತು ಹೇಳ್ಬೇಕಿತ್ತು. ಇವತ್ತು ಹೇಳೋಣ, ನಾಳೆ ಹೇಳೋಣ ಅಂತ ಆರು ವರ್ಷ ಹೋಯ್ತು. ಅವರೇ ಹೋಗ್ಬಿಟ್ರು." ಅವರು ತಟ್ಟೆಯ ಕಾಳನ್ನು ಕೈಯಾಡಿಸಿ ನೋಡಿದರು. "ನೀನು ಎರಡು ವಾರದಲ್ಲಿ ಹೇಳಿದೆ. ಪರವಾಗಿಲ್ಲ."

ಕಾಳನ್ನು ನೆನೆಹಾಕಿ ಭಾನುವಾರ ಮಧ್ಯಾಹ್ನ ಹಿದುಕಲು ಕೂತೆವು. ಅವರೆಕಾಳಿನ ಕಾಲದಲ್ಲಿ ಮೈಸೂರಿನ ಮನೆಗಳಲ್ಲಿ ಮಾಡುವ ಹಾಗೆಯೇ, ನೆನೆದ ಕಾಳನ್ನು ಎರಡು ಬೆರಳ ನಡುವೆ ಒತ್ತಿದರೆ ಸಿಪ್ಪೆ ಕೈಯಲ್ಲಿ ಉಳಿದು ಬಿಳಿ ಬೇಳೆ ಹಾರಿ ಬೀಳುತ್ತದೆ. ಮಗಳು ಹಿದುಕಿದ ಮೊದಲನೆಯದು ನೇರ ಫ್ರಿಜ್ಜಿಗೆ ಬಡಿಯಿತು. ಎರಡನೆಯದು ಅಪ್ಪನ ಕನ್ನಡಕಕ್ಕೆ. ಶಿಫ್ಟ್ ಮುಗಿಸಿ ಬಂದು ಸೋಫಾದಲ್ಲಿ ತೂಕಡಿಸುತ್ತಿದ್ದವರು ಎದ್ದು ಬಂದು ತಾವೂ ಕೂತರು. ಎರಡು ಗಂಟೆ ಬೇಕಾಯಿತು. ಎಲ್ಲರ ಬೆರಳೂ ನೀಲಿಯಾಗಿತ್ತು.

ಅತ್ತೆ ಬೇಳೆಯನ್ನು ಚೆನ್ನಾಗಿ ಕುದಿಸಿ ಆ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಬೇಯಿಸಿದರು. ಗೊತ್ತಿಲ್ಲದ ಕಾಳನ್ನು ನಂಬಬಾರದು ಎಂದರು. ಕೊತ್ತಂಬರಿ ಬೀಜ, ಒಣಮೆಣಸಿನಕಾಯಿ, ಚಕ್ಕೆ, ಲವಂಗ ಹುರಿದು, ಈರುಳ್ಳಿ, ಬೆಳ್ಳುಳ್ಳಿ, ಫ್ರೀಜರಿನ ತೆಂಗಿನತುರಿ ಹಾಕಿ ರುಬ್ಬಿದರು. ಕಿಟಕಿ ತೆಗೆಯಲೇ ಎಂದು ಕೇಳಲಿಲ್ಲ, ತಾವೇ ತೆಗೆದರು. ಜೊತೆಗೆ ಅಕ್ಕಿ ರೊಟ್ಟಿ.

ಒಂದು ತುತ್ತು ತಿಂದು ಅತ್ತೆ ತಲೆ ಅಲ್ಲಾಡಿಸಿದರು. "ಸೊಗಡಿಲ್ಲ," ಎಂದರು. ಇಬ್ಬನಿ ಬಿದ್ದ ಅವರೆಕಾಯಿಗೆ ಇರುವ ಆ ವಾಸನೆ ಇದಕ್ಕೆಲ್ಲಿಂದ ಬರಬೇಕು. "ಆದ್ರೆ ಬೇಳೆ ಬೆಣ್ಣೆ ಥರ ಬೆಂದಿದೆ." ಮೂರು ರೊಟ್ಟಿ ತಿಂದರು. ಮಗಳು ಸಾರನ್ನು ಬಟ್ಟಲಲ್ಲಿ ಹಾಕಿಕೊಂಡು ಸೂಪಿನ ಹಾಗೆ ಕುಡಿದಳು.

ಮುಂದಿನ ಶನಿವಾರ ಅತ್ತೆಯೇ ಮೊದಲು ತಯಾರಾಗಿ, ಸಾಕ್ಸಿನ ಮೇಲೆ ಸಾಕ್ಸ್ ಹಾಕಿಕೊಂಡು, ಬಾಗಿಲ ಬಳಿ ನಿಂತಿದ್ದರು. ಕೈಯಲ್ಲಿ ಬಿಸಿ ಸಾರಿನ ಸ್ಟೀಲ್ ಡಬ್ಬಿ. ಎರಡನೆಯ ಸಲ ಮಾಡಿದ ಸಾರು ಅದು. ಚೀಲದಲ್ಲಿ ಅಷ್ಟೊಂದು ಕಾಯಿ ಇತ್ತು. ರೈತರು ಗುಡಾರದ ಹಿಂದೆ ನಿಂತುಕೊಂಡೇ ತಿಂದರು. ಎರಡನೆಯ ಚಮಚಕ್ಕೆ ಕಣ್ಣಲ್ಲಿ ನೀರು ಬಂತು. ಖಾರ ಜಾಸ್ತಿಯಾಯಿತೇನೋ ಎಂದು ಅತ್ತೆ ನನ್ನ ಮುಖ ನೋಡಿದರು.

"ಗ್ರಾಂಡ್, ಗ್ರಾಂಡ್," ಎಂದು ಅವರು ಮೂಗು ಒರೆಸಿಕೊಂಡು ಡಬ್ಬಿ ಖಾಲಿ ಮಾಡಿದರು. ಆಮೇಲೆ ನನಗೆ ಹೇಳಿದರು: "ನಲವತ್ತು ವರ್ಷದಿಂದ ಈ ಬೀನ್ಸ್ ಬೆಳೀತಿದೀನಿ. ಬಲಿತ ಕಾಳನ್ನ ನಾವು ಬಿತ್ತನೆಗೆ ಇಡೋದು ಬಿಟ್ರೆ ತಿಂದಿದ್ದೇ ಇಲ್ಲ."

ನಾನು ಅನುವಾದ ಮಾಡಿದೆ. ಅತ್ತೆ ಒಂದು ಕ್ಷಣ ಯೋಚಿಸಿ, "ಮುಂದಿನ ವರ್ಷ ಎರಡು ಸಾಲು ಕೀಳ್ದೆ ಹಾಗೇ ಬಿಡಿ ಅಂತ ಹೇಳು. ನಮ್ಮ ಕಡೆಯೋರು ಈ ಊರಲ್ಲಿ ಎಷ್ಟು ಜನ ಇದಾರೋ, ಎಲ್ರೂ ಬಂದು ತಗೋತಾರೆ," ಎಂದರು. ರೈತರು ನಕ್ಕು, ನೋಡೋಣ ಎಂದರು.

ಅತ್ತೆ ನವೆಂಬರ್ ಕೊನೆಯಲ್ಲಿ ಊರಿಗೆ ಹೊರಟರು. ಅಷ್ಟರಲ್ಲಿ ನನ್ನ ಪ್ಲಾಸ್ಟರ್ ಬಿಚ್ಚಿದ್ದರು. ವಿಮಾನ ನಿಲ್ದಾಣದಲ್ಲಿ ಅವರು ನನ್ನ ಸಣಕಲಾದ ಕೈಯನ್ನು ಹಿಡಿದು, ರಾಗಿ ತಿನ್ನು ಎಂದಷ್ಟೇ ಹೇಳಿದರು.

ಈ ವರ್ಷ ರೈತರು ಎರಡಲ್ಲ, ಒಂದು ಸಾಲು ಬಿಟ್ಟಿದ್ದರು. ಕಾರ್ಕಿನ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಹಾಕಿದೆ. ಬೆಂಗಳೂರಿನ ಎರಡು ಮನೆಯವರೂ ಎಂಎಸ್ ಓದುವ ಮೂವರು ಹುಡುಗಿಯರೂ ಬಂದು ಒಂದೇ ಬೆಳಿಗ್ಗೆ ಖಾಲಿ ಮಾಡಿದರು. ನನ್ನ ಪಾಲಿನದನ್ನು ಈ ಸಲ ಎರಡೂ ಕೈಯಲ್ಲಿ ಬಿಡಿಸಿ, ಹಿದುಕಿ, ಒಬ್ಬಳೇ ಸಾರು ಮಾಡಿ, ಪಾತ್ರೆಯ ಮೇಲೆ ಫೋನ್ ಹಿಡಿದು ಅತ್ತೆಗೆ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಹತ್ತಿರದಿಂದ ನೋಡಿದರು.

"ಧನಿಯ ಸ್ವಲ್ಪ ಸೀದಿದೆ," ಎಂದರು. "ಊಟಕ್ಕೆ ಕೂತ್ಕೊಳ್ಳಿ, ಆರಿಹೋಗುತ್ತೆ."

ನಿಜ, ಸೀದಿತ್ತು. ಆದರೂ ನಾವು ಪಾತ್ರೆ ಬಳಿದು ಉಂಡೆವು.