ತೆಪ್ಪಕ್ಕೊಂದು ಬಾಗಿಲು

ಮಧ್ಯಾಹ್ನ ಯಾರೇ ಹೋಗಲಿ, ಹುಲಿಗವ್ವ ತನ್ನ ಶೆಡ್ಡಿನಲ್ಲಿ ಚಾಪೆ ಹಾಸಿಕೊಂಡು ಮಲಗಿರುತ್ತಾಳೆ. ಬೆಂಗಳೂರಿನಿಂದ ಕಾರು ಮಾಡಿಕೊಂಡು ಬಂದ ಗಿರಾಕಿಯೊಬ್ಬ ಇದನ್ನು ನೋಡಿ, "ಇವರು ಕೆಲಸ ಮಾಡೋದು ಯಾವಾಗ?" ಎಂದು ನನ್ನನ್ನು ಕೇಳಿದ. ನನಗೆ ಸಿಟ್ಟು ನೆತ್ತಿಗೇರಿತು. ನಮ್ಮ ಕೊಪ್ಪಳ ಸೀಮೆಯ ಬಿಸಿಲಿನಲ್ಲಿ ಫೈಬರ್ ಕೆಲಸದ ಅಂಟು, ಅದೇ ರೆಸಿನ್, ಬಳಿಯುವ ಮೊದಲೇ ಡಬ್ಬಿಯೊಳಗೆ ಕಲ್ಲಾಗಿ ಹೊಗೆಯಾಡುತ್ತದೆ ಎಂಬುದು ಅವನಿಗೇನು ಗೊತ್ತು? ಹುಲಿಗವ್ವ ಕೋಳಿ ಕೂಗುವ ಹೊತ್ತಿಗೆ ಎದ್ದು, ಗಾಜಿನ ನೂಲಿನ ಮ್ಯಾಟ್ ಹಾಸಿ, ರೆಸಿನ್ ಬಳಿದು, ಬಿಸಿಲು ಅಂಗಳಕ್ಕೆ ಇಳಿಯುವುದರೊಳಗೆ ಕೈ ತೊಳೆದುಕೊಂಡಿರುತ್ತಾಳೆ. ಆಮೇಲೆ ಒಂದು ನಿದ್ದೆ ತೆಗೆದರೆ ಅವನ ಗಂಟೇನು ಹೋಯಿತು?

ಗಂಗಾವತಿಯಿಂದ ಮುನಿರಾಬಾದಿಗೆ ಬರುವ ದಾರಿಯಲ್ಲಿ, ಕಾಲುವೆ ದಾಟಿದ ಮೇಲೆ ಆ ತಗಡಿನ ಶೆಡ್ಡು ಸಿಗುತ್ತದೆ. ಹುಲಿಗವ್ವ ಅಲ್ಲಿಗೆ ಮೇದಾರರ ಸೊಸೆಯಾಗಿ ಬಂದವಳು. ಅತ್ತೆ ಮಾರೆವ್ವ ಹೆಣೆದ ಬಿದಿರಿನ ತೆಪ್ಪಗಳು ಒಂದು ಕಾಲಕ್ಕೆ ಹೊಳೆಯ ತುಂಬ ತೇಲುತ್ತಿದ್ದವು. ತೆಪ್ಪ ಎಂದರೆ ದೊಡ್ಡ ಬುಟ್ಟಿಯಂಥ ದುಂಡನೆಯ ದೋಣಿ; ಓದಿದವರು ಹರಿಗೋಲು ಎನ್ನುತ್ತಾರೆ. ಬಿದಿರಿಗೆ ಡಾಂಬರು ಬಳಿಯುವ ಕಾಲ ಹೋಗಿ ಫೈಬರ್ ತೆಪ್ಪ ಬಂದಾಗ, ಹುಲಿಗವ್ವ ಅಳುತ್ತ ಕೂರಲಿಲ್ಲ. ಹೊಸಪೇಟೆಯಲ್ಲಿ ನೀರಿನ ಟಾಕಿ ಮಾಡುವವರ ಹತ್ತಿರ ಕೂಲಿಗೆ ಹೋಗಿ ಆ ಕೆಲಸ ಕಲಿತು ಬಂದಳು. ಗಂಡ ದುರಗೇಶ ಈಗ ಸಣಾಪುರದ ಕೆರೆಯಲ್ಲಿ ಅವಳು ಮಾಡಿದ ತೆಪ್ಪದಲ್ಲೇ ಪ್ರವಾಸಿಗರನ್ನು ಗಿರಗಿರ ತಿರುಗಿಸಿ ಕಿರುಚಿಸುತ್ತಾನೆ.

ಅವಳಿಗೆ ಫಟಫಟಿಯ ಗಂಟು ಹಾಕಿದವನು ನಾನು. ನನ್ನ ಹೆಸರು ಕಾಶಿನಾಥ, ಮುನಿರಾಬಾದಿನ ನೀರಾವರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು. ಅಪ್ಪ ಬಿಟ್ಟುಹೋದ ಬಿಎಸ್‌ಎ ಮೋಟಾರ್ ಸೈಕಲ್ಲೊಂದು ನನ್ನ ಹತ್ತಿರ ಇದೆ. ಅದು ನನ್ನ ಹೆಂಡತಿಗೆ ಸವತಿ. ಅದರ ಸೈಡ್ ಕವರು ತುಕ್ಕು ತಿಂದು ಸಂಡಿಗೆಯಂತೆ ಪುಡಿಯಾದಾಗ, ಉಳಿದ ಚೂರುಗಳನ್ನು ಕಾಗದದಲ್ಲಿ ಕಟ್ಟಿಕೊಂಡು ಹುಲಿಗವ್ವನ ಮುಂದೆ ಸುರಿದೆ. ಅವಳು ಗಾಡಿಯ ಇನ್ನೊಂದು ಬದಿಯ ಕವರಿನ ಮೇಲೆ ಕಣ್ಣು ಮುಚ್ಚಿ ಅಂಗೈ ಆಡಿಸಿದಳು. ಬುಟ್ಟಿ ಹೆಣೆಯುವ ಮನೆಯವರಿಗೆ ಬಾಗು ಮೊದಲು ತಿಳಿಯುವುದು ಅಂಗೈಗೆ. ವಾರ ಕಳೆಯುವುದರೊಳಗೆ ಕವರು ಬಂತು. ನಾನು ಅದರ ಫೋಟೊವನ್ನು ಹಳೆಯ ಗಾಡಿಯ ಹುಚ್ಚರ ಗುಂಪಿಗೆ ಕಳಿಸಿದೆ. ಅಲ್ಲಿಂದ ಶುರುವಾದದ್ದು ನಿಂತಿಲ್ಲ: ಬಳ್ಳಾರಿಯಿಂದ ಟ್ರಯಂಫಿನ ಮಡ್‌ಗಾರ್ಡು, ಮೈಸೂರಿನಿಂದ ನಾರ್ಟನ್ನಿನ ಸೀಟಿನ ತಳ. ಇಂಗ್ಲೆಂಡಿನ ಗಾಡಿಗಳಿಗೆ ಈಗ ನಮ್ಮ ಕಾಲುವೆ ದಂಡೆಯಲ್ಲಿ ಮೈ ತುಂಬುತ್ತದೆ.

ಮಾರೆವ್ವನ ಮನೆಯಲ್ಲಿ ಒಂದು ಕಟ್ಟುಪಾಡು ಇತ್ತು. ತೆಪ್ಪದ ಅಂಚು ಕಡಿಯಬಾರದು. ತೆಪ್ಪದ ಜೀವ ಇರುವುದು ಅಂಚಿನಲ್ಲಿ. ಅದು ಹರಿದರೆ ಇಡೀ ಬುಟ್ಟಿ ಬಿಚ್ಚಿಕೊಳ್ಳುತ್ತದೆ. ಹುಟ್ಟು ಇಡಲು ಅನುಕೂಲವಾಗಲೆಂದು ದುರಗೇಶ ಒಮ್ಮೆ ಅಂಚಿನಲ್ಲಿ ಸಣ್ಣ ಕಚ್ಚು ಹಾಕಿದ್ದಕ್ಕೆ ಮಾರೆವ್ವ ಮಗನಿಗೆ ಎರಡು ದಿನ ರೊಟ್ಟಿ ಬಡಿದು ಕೊಡಲಿಲ್ಲ.

ಹೀಗಿರುವಾಗ ಕುಕನೂರಿನಿಂದ ಜಿಲಾನಸಾಬ ಬಂದರು. ಎಪ್ಪತ್ತು ದಾಟಿದ ಹಳೆಯ ಮೆಕ್ಯಾನಿಕ್ಕು. ಮದುವೆಯಾದಾಗಿನಿಂದ ಹೆಂಡತಿ ತಾಜಬೀಯನ್ನು ತಮ್ಮ ಬಿಎಸ್‌ಎ ಗಾಡಿಯ ಹಿಂದೆ ಕೂರಿಸಿಕೊಂಡು ಯಲಬುರ್ಗಾಕ್ಕೆ, ಆಕೆಯ ತಂಗಿ ಮೆಹಬೂಬಬೀಯ ಮನೆಗೆ ಹೋಗುತ್ತಿದ್ದರು. ಅಕ್ಕ ತಂಗಿ ಸೇರಿದರೆ ಜಗಳ. ಅವರಮ್ಮನ ಹಿತ್ತಾಳೆಯ ಪಾನ್‌ದಾನ್, ಅದೇ ಎಲೆ ಅಡಿಕೆಯ ಪೆಟ್ಟಿಗೆ, ಯಾರಿಗೆ ಸೇರಬೇಕಿತ್ತು ಎಂಬುದರ ಮೇಲೆ. ಜಗಳ ಮುಗಿದ ಮೇಲೆ ಅದೇ ಪೆಟ್ಟಿಗೆಯಿಂದ ಎಲೆ ಹಾಕಿಕೊಂಡು ನಗುತ್ತಿದ್ದರಂತೆ. ಬಚ್ಚಲಲ್ಲಿ ಜಾರಿ ತಾಜಬೀಯ ಸೊಂಟ ಮುರಿದ ಮೇಲೆ ಎಲ್ಲಾ ನಿಂತಿತು. ಕೋಲು ಹಿಡಿದು ನಡೆಯುತ್ತಾರೆ, ಆದರೆ ಕಾಲು ಮೊಳಕಾಲೆತ್ತರಕ್ಕೆ ಏಳುವುದಿಲ್ಲ. ಬಸ್ಸಿನ ಮೆಟ್ಟಿಲು ಹತ್ತಲಾರರು, ಗಾಡಿಯ ಹಿಂದೆ ಕೂರಲಾರರು. ತಂಗಿಯೂ ಮಂಡಿ ನೋವಿನಿಂದ ಊರು ಬಿಡುವಂತಿಲ್ಲ.

"ಆಟೋದಾಗ ಕರಕೊಂಡು ಹೋಗ್ರಿ ಕಾಕಾ," ಎಂದಳು ಹುಲಿಗವ್ವ.

"ಆಟೋ ಅಂದ್ರ ದವಾಖಾನಿಗಿ ಹೋಗಾಕ ಅಂತಾಳವ್ವ. ತಂಗಿ ಮನಿಗಿ ಹೋದ್ರ ನನ್ನ ಗಾಡಿ ಮ್ಯಾಲೇ ಅಂತ. ಫೋನಿನ್ಯಾಗ ಜಗಳ ಮಾಡ್ತಾರ ಖರೆ, ಆದ್ರ ಫೋನಿನ ಜಗಳಕ್ಕ ರುಚಿ ಇಲ್ಲಂತ. ಹಿಂಗ ಆದ್ರ ಒಬ್ಬರ ಮುಖ ಒಬ್ಬರು ನೋಡದನ ಹೋಗ್ಯಾರು ಅಂತ ಹೆದರಿಕಿ ನನಗ."

ಗುಜರಿಯಲ್ಲಿ ಅವರಿಗೆ ಒಂದು ಹಳೆಯ ಸೈಡ್‌ಕಾರಿನ ಚೌಕಟ್ಟು ಸಿಕ್ಕಿತ್ತು. ಗಾಡಿಯ ಪಕ್ಕಕ್ಕೆ ಜೋಡಿಸಿ ಒಬ್ಬರನ್ನು ಕೂರಿಸಿಕೊಂಡು ಹೋಗುವ ಡಬ್ಬಿ ಇರುತ್ತದಲ್ಲ, ಅದು. ಚಕ್ರ ಇತ್ತು, ಕಬ್ಬಿಣದ ಅಡ್ಡಪಟ್ಟಿ ಇತ್ತು, ಡಬ್ಬಿಯೇ ಇರಲಿಲ್ಲ. ನೋಡಿ ಮಾಡಲು ಮಾದರಿಯೂ ಇಲ್ಲ. ಹುಲಿಗವ್ವ ಕುಕನೂರಿಗೆ ಹೋಗಿ, ತಾಜಬೀಯನ್ನು ಹೊರಸಿನ ಮೇಲೆ ಕೂರಿಸಿ, ಅಗಲ, ಬೆನ್ನಿನ ಎತ್ತರ, ಕಾಲು ಚಾಚುವ ಉದ್ದ ಎಲ್ಲವನ್ನೂ ದಾರದಲ್ಲಿ ಅಳೆದುಕೊಂಡು ಬಂದಳು. ಮಾರೆವ್ವನ ಕೈಯಿಂದ ಬಿದಿರು ಸೀಳಿಸಿ ಹಂದರ ಕಟ್ಟಿದಳು. ಅದರ ಮೇಲೆ ಬಟ್ಟೆ, ಬಟ್ಟೆಯ ಮೇಲೆ ಮ್ಯಾಟ್, ರೆಸಿನ್. ಆಮೇಲೆ ನೀರು ಹಾಕಿ ಹಾಕಿ ಉಜ್ಜಿದಳು. ಇತ್ತ ಜಿಲಾನಸಾಬರು ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದಂತೆ ಮಖಮಲ್ಲಿನ ದಿಂಬು ಹೊಲಿಸಿ, ಯಲಬುರ್ಗಾಕ್ಕೆ ಫೋನನ್ನೂ ಮಾಡಿಬಿಟ್ಟರು.

ಡಬ್ಬಿ ಬಲು ಚೆಂದ ಬಂತು. ನಾನೇ ನಿಂತು ಹಸಿರು ಬಣ್ಣ ಹೊಡೆಸಿದೆ. ಗೂಡ್ಸ್ ಆಟೋದಲ್ಲಿ ಹೇರಿಕೊಂಡು ಹೋಗಿ ಕುಕನೂರಿನಲ್ಲಿ ಚೌಕಟ್ಟಿಗೆ ಬಿಗಿದೆವು. ಓಣಿಯ ಜನ ನೆರೆದರು. ತಾಜಬೀ ಹಬ್ಬದ ಸೀರೆ ಉಟ್ಟು, ಕೋಲೂರಿಕೊಂಡು ಬಂದರು. ಡಬ್ಬಿಯನ್ನು ಸವರಿದರು. ನಿಧಾನಕ್ಕೆ ಒಂದು ಸುತ್ತು ಹಾಕಿದರು. ಮತ್ತೆ ಮೊದಲಿನ ಜಾಗಕ್ಕೆ ಬಂದು ನಿಂತು ಕೇಳಿದರು:

"ಭಾಳ ಛಲೋ ಆಗೇತಿ ಬೇಟಿ. ಬಾಗಿಲ ಎಲ್ಲೈತಿ?"

ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ನಾವು ಬಾಗಿಲನ್ನೇ ಇಟ್ಟಿರಲಿಲ್ಲ. ಜಿಲಾನಸಾಬರ ಕಣ್ಣು ಚಕ್ರದ ಮೇಲಿತ್ತು, ನನ್ನದು ಬಣ್ಣದ ಮೇಲೆ. ಹುಲಿಗವ್ವನ ಮಾತೇ ಬೇರೆ. ಸೊಸೆಯಾಗಿ ಬಂದಾಗಿನಿಂದ ಅಂಚು ದಾಟಿ ತೆಪ್ಪದೊಳಗೆ ಕಾಲಿಟ್ಟವಳು ಅವಳು. ತೆಪ್ಪಕ್ಕೆ ಬಾಗಿಲು ಇರುತ್ತದೆ ಎಂದು ಕನಸಿನಲ್ಲೂ ಕಂಡವಳಲ್ಲ.

"ಸ್ಟೂಲ್ ಇಡೋಣು. ಇಲ್ಲಾ ಎತ್ತಿ ಕೂಡಿಸೋಣು," ಎಂದರು ಜಿಲಾನಸಾಬರು.

"ನನ್ನ ಎತ್ತೂದು ಒಂದ ದಿನ ಐತಿ," ಎಂದರು ತಾಜಬೀ. "ಅವತ್ತು ನಾಕು ಮಂದಿ ಎತ್ರಿ, ಬ್ಯಾಡ ಅನ್ನೂದಿಲ್ಲ. ಅಲ್ಲೀತನಕ ನನ್ನ ಕಾಲ ಮ್ಯಾಲೆ ನಾನ ಹೋಗಾಕಿ." ಹೇಳಿ ಒಳಗೆ ಹೋಗಿ ಕದ ಹಾಕಿಕೊಂಡರು. ಜಿಲಾನಸಾಬರು ಮಖಮಲ್ಲಿನ ದಿಂಬನ್ನು ಎದೆಗವಚಿಕೊಂಡು ಕಟ್ಟೆಯ ಮೇಲೆ ಕೂತುಬಿಟ್ಟರು. ಆ ಮನುಷ್ಯನ ಮುಖ ನೋಡಲಾಗದೆ ನಾನು ಡಬ್ಬಿಯ ನಟ್ಟು ಬಿಚ್ಚತೊಡಗಿದೆ.

ಡಬ್ಬಿ ಶೆಡ್ಡಿಗೆ ವಾಪಸು ಬಂತು. ಕತ್ತರಿಸುವ ಮಷೀನು ಹುಲಿಗವ್ವನ ಹತ್ತಿರವೇ ಇದೆ. ಅರ್ಧ ತಾಸಿನ ಕೆಲಸ. ಆದರೆ ದಿನಾ ಮಷೀನು ಕೈಗೆತ್ತಿಕೊಳ್ಳುವುದು, ಅಂಚಿನ ಹತ್ತಿರ ಒಯ್ಯುವುದು, ಕೆಳಗಿಡುವುದು.

"ಕಡಿಯವ್ವ, ಇದೇನು ನೀರಿಗೆ ಇಳಿಸೂದಲ್ಲ," ಎಂದು ನಾನು ರೇಗಿದೆ.

"ಕೈ ಬರವಲ್ದು ಸರ. ಅಂಚು ಹ್ವಾದ್ರ ಅದರ ಬಲಾನ ಹೋಗತೈತಿ. ದಾರ್ಯಾಗ ಬಿಚಗೊಂಡು ಆ ಮುದುಕಿ ಬಿದ್ರ?" ಅವಳ ಕಣ್ಣಲ್ಲಿ ನೀರಿತ್ತು. ನನ್ನ ಸಿಟ್ಟು ಇಳಿದುಹೋಯಿತು.

ಮೂಲೆಯಲ್ಲಿ ಕೂತು ಮೊರ ಹೆಣೆಯುತ್ತಿದ್ದ ಮಾರೆವ್ವ ಎಲ್ಲವನ್ನೂ ಕೇಳುತ್ತಿದ್ದಳು. ಮೊರ ಬದಿಗಿಟ್ಟು, ಎದ್ದು ಬಂದು, ಡಬ್ಬಿಯ ಸುತ್ತ ಕೈಯಾಡಿಸಿದಳು. ಒಲೆಯಿಂದ ಒಂದು ಇದ್ದಿಲು ತಂದು ಅಂಚಿನಿಂದ ಕೆಳಕ್ಕೆ ಗೆರೆ ಎಳೆದಳು, ತಳದಲ್ಲಿ ಅಡ್ಡ ಎಳೆದಳು, ಮತ್ತೆ ಮೇಲಕ್ಕೆ ಏರಿಸಿದಳು.

"ಅಂಚು ಮುಗೀಬಾರದು, ಅಷ್ಟ," ಎಂದಳು. "ಇಲ್ಲಿ ಇಳಿಸು, ಹಿಂಗ ಹಾಯಿಸು, ಅಲ್ಲಿ ಏರಿಸು. ಅಂಚು ಎಲ್ಲೂ ಹರದಂಗ ಆಗೂದಿಲ್ಲ. ನೀರಾಗ ಹೋಗೂದಕ್ಕ ಬಾಗಿಲ ಇರಬಾರದು. ತಂಗಿ ಮನಿಗಿ ಹೋಗೂದಕ್ಕ ಇರಬೇಕು."

"ಹಂಗಾರ ಕಡೀಲೇನತ್ತಿ?"

"ನಾ ಇದ್ದಾಗ ಕಡಿ. ನಾಳೆ ಯಾರರ ಕೇಳಿದ್ರ ಅತ್ತಿ ಹೇಳಿದ್ಲು ಅನ್ನು."

ಹುಲಿಗವ್ವ ಮೂಗಿಗೆ ಬಟ್ಟೆ ಕಟ್ಟಿ, ಹುಲಿಗೆಮ್ಮ ದೇವಿಯನ್ನು ನೆನೆದು, ಕಡಿದಳು. ಬಿಳಿ ಧೂಳು ಎದ್ದು ಅತ್ತೆ ಸೊಸೆ ಇಬ್ಬರೂ ಹಿಟ್ಟಿನ ಗಿರಣಿಯಿಂದ ಬಂದವರಂತೆ ಕಂಡರು. ಮಾರೆವ್ವ ಬಿದಿರಿನ ಎಳೆಗಳನ್ನು ಹುರಿ ಮಾಡಿ ಆ ತೆರವಿನ ಸುತ್ತ ಹೊಸ ಅಂಚು ಕಟ್ಟಿದಳು, ಹುಲಿಗವ್ವ ಅದರ ಮೇಲೆ ಮ್ಯಾಟ್ ಹಾಸಿ ರೆಸಿನ್ ಕುಡಿಸಿದಳು. ಕಡಿದ ತುಂಡಿಗೇ ಬಿಜಾಗರಿ ಹಾಕಿ ಬಾಗಿಲು ಮಾಡಿದರು. ಕೊನೆಗೆ ನನ್ನ ಗುಮಾಸ್ತ ದೇಹವನ್ನು ಅದರಲ್ಲಿ ಕೂರಿಸಿ, ದುರಗೇಶ ಹಿಡಿದು ಅಲುಗಾಡಿಸಿ, ಕುಣಿಸಿ ಪರೀಕ್ಷೆ ಮಾಡಿದ. ಡಬ್ಬಿ ಕಿರುಗುಡಲಿಲ್ಲ. ನಾನು ಕಿರುಗುಟ್ಟಿದೆ.

ಎರಡನೆಯ ಸಲ ಕುಕನೂರಿಗೆ ಹೋದಾಗ ಓಣಿಯ ಜನರನ್ನು ಯಾರೂ ಕರೆಯಲಿಲ್ಲ. ತಾಜಬೀ ಬಂದು, ಬಾಗಿಲು ಎಳೆದು ನೋಡಿದರು. ಮುಚ್ಚಿದರು, ಮತ್ತೆ ತೆರೆದರು. ಕೋಲನ್ನು ಒಳಗಿಟ್ಟರು, ಹಿಂದೆ ತಿರುಗಿ ಕೂತರು, ಒಂದೊಂದೇ ಕಾಲನ್ನು ಒಳಗೆ ಎಳೆದುಕೊಂಡರು. ಜಿಲಾನಸಾಬರು ಕೈ ಚಾಚಿದರೆ, "ನೀವು ಗಾಡಿ ನೋಡ್ಕೊಳ್ರಿ," ಎಂದು ಗದರಿ, ಬಾಗಿಲನ್ನು ತಾವೇ ಹಾಕಿಕೊಂಡರು. ಗಾಡಿ ಫಟಫಟ ಎನ್ನುತ್ತ ಎರೆ ಹೊಲಗಳ ನಡುವಿನ ರಸ್ತೆ ಹಿಡಿಯಿತು. ಮಾಡಿದ ಕೆಲಸ ಕಣ್ಣೆದುರಿಗೇ ನಡೆದುಕೊಂಡು ಹೋಗುವುದನ್ನು ನೋಡುವ ಸುಖ ಏನೆಂದು ಹುಲಿಗವ್ವನ ಮುಖ ನೋಡಿ ತಿಳಿದೆ. ನಾವು ಊರಿಗೆ ಮರಳಿದೆವು.

ಮಧ್ಯಾಹ್ನ ಹುಲಿಗವ್ವ ಆಗಷ್ಟೇ ಚಾಪೆಗೆ ಬೆನ್ನು ಹಚ್ಚಿದ್ದಳು, ಫೋನು ಬಡಿದುಕೊಂಡಿತು. ಜಿಲಾನಸಾಬರು. ಬೇರೆ ದಿನವಾಗಿದ್ದರೆ ಬೈಯುತ್ತಿದ್ದಳು. ಎದ್ದು ಕೂತು ಸ್ಪೀಕರ್ ಹಾಕಿದಳು.

"ಮಾತಾಡಬ್ಯಾಡವ್ವ, ಬರೇ ಕೇಳು," ಎಂದರು ಅವರು ಮೆತ್ತಗೆ.

ಫೋನಿನಿಂದ ಇಬ್ಬರು ಮುದುಕಿಯರ ದನಿ ಒಟ್ಟಿಗೇ ಕೇಳಿಬಂತು. ಅರ್ಧ ಉರ್ದು, ಅರ್ಧ ಕನ್ನಡ, ಒಬ್ಬರ ಮಾತಿನ ಮೇಲೆ ಒಬ್ಬರದು. ನಮಗೆ ಹಿಡಿತಕ್ಕೆ ಸಿಕ್ಕಿದ್ದು ಒಂದೇ ಪದ: ಪಾನ್‌ದಾನ್.

ಮಾರೆವ್ವ ಕಿವಿಗೆ ಕೈಯಿಟ್ಟು ಹತ್ತಿರ ಸರಿದಳು. "ಏನಂತಾರ?"

"ಜಗಳಾಡಾಕ ಹತ್ಯಾರ, ಅತ್ತಿ," ಎಂದಳು ಹುಲಿಗವ್ವ. ಅವಳು ನಗುತ್ತಿದ್ದಳು, ಕಣ್ಣೂ ಒರೆಸಿಕೊಳ್ಳುತ್ತಿದ್ದಳು. "ಭಾಳ ಛಲೋ ಜಗಳಾಡಾಕ ಹತ್ಯಾರ."

ಫೋನು ಇಡಲು ಯಾರಿಗೂ ಮನಸ್ಸಾಗಲಿಲ್ಲ. ಆ ಮಧ್ಯಾಹ್ನ ಹುಲಿಗವ್ವ ಮಲಗಲೇ ಇಲ್ಲ.